ಬೆನ್ ಜಾನ್ಸನ್ ನಟನೇ, ಅಥವಾ ಕ್ಯಾಮೆರಾ ಮುಂದೆ ಬಂದ ದನಗಾಹಿಯೇ?

ಹುಲ್ಲುಗಾವಲು:

ಬೆನ್ ಜಾನ್ಸನ್ ಎಂದೊಡನೆ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಕಳೆದುಕೊಂಡ ಓಟಗಾರ ನೆನಪಾದರೆ ಅದು ಯಾರ ತಪ್ಪೂ ಅಲ್ಲ. ನಾನು ಬರೆಯಹೊರಟಿರುವುದು ಇನ್ನೊಬ್ಬ ಬೆನ್ ಜಾನ್ಸನ್ ಅವರ ಬಗ್ಗೆ. ಸುಮಾರು ಐದು ದಶಕಗಳ ಕಾಲ ಅಮೆರಿಕದ ವೆಸ್ಟರ್ನ್ ಚಿತ್ರಗಳಲ್ಲಿ, ಅಂದರೆ ದನಗಾಹಿಗಳ ಕಾಲದ ಕಥೆಯ ಚಿತ್ರಗಳಲ್ಲಿ, ನಾಯಕನ ಪಕ್ಕದಲ್ಲೋ ಎರಡು ಹೆಜ್ಜೆ ಹಿಂದೆಯೋ ಕುದುರೆಯ ಮೇಲೆ ಕಾಣಿಸಿಕೊಂಡ ಈ ಪೋಷಕ ನಟನ ಮುಖ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು, ಹೆಸರು ಗೊತ್ತಿಲ್ಲ.

ಅವರು ಹುಟ್ಟಿದ್ದು 1918ರ ಜೂನ್ 13ರಂದು, ಓಕ್ಲಹೋಮ ರಾಜ್ಯದ ಓಸೇಜ್ ಕೌಂಟಿಯ ಫೋರೇಕರ್ ಎಂಬ ಸಣ್ಣ ಊರಿನಲ್ಲಿ. ತಂದೆಯ ಹೆಸರೂ ಬೆನ್ ಜಾನ್ಸನ್ ಎಂದೇ. ಅವರು ಚಾಪ್‌ಮನ್-ಬರ್ನಾರ್ಡ್ ಎಂಬ ದೊಡ್ಡ ರಾಂಚಿನ, ಅಂದರೆ ದನ ಸಾಕುವ ವಿಶಾಲ ಜಮೀನಿನ, ಮೇಲ್ವಿಚಾರಕರಾಗಿದ್ದರು. ಓಡುವ ಹೋರಿಗೆ ಕುದುರೆಯ ಮೇಲಿನಿಂದ ಹಗ್ಗ ಬೀಸಿ ಕೆಡಹುವ ಸ್ಪರ್ಧೆಗಳಲ್ಲಿ ಹೆಸರು ಮಾಡಿದವರು. ಮಗ ಬೆಳೆದದ್ದೂ ಅದೇ ದನ, ಅದೇ ಕುದುರೆ, ಅದೇ ಹಗ್ಗದ ನಡುವೆ. 1940ರಲ್ಲಿ ಹೋವರ್ಡ್ ಹ್ಯೂಸ್ ತಮ್ಮ 'ದಿ ಔಟ್‌ಲಾ' ಚಿತ್ರಕ್ಕಾಗಿ ಓಕ್ಲಹೋಮದಿಂದ ಕುದುರೆಗಳನ್ನು ಖರೀದಿಸಿದಾಗ, ಅವುಗಳನ್ನು ತಲುಪಿಸುವ ಕೆಲಸ ಈ ಯುವಕನ ಪಾಲಿಗೆ ಬಂತು. 'ನಾನು ಹಾಲಿವುಡ್‌ಗೆ ಬಂದದ್ದು ಕುದುರೆಗಳ ಡಬ್ಬಿಯಲ್ಲಿ' ಎಂದು ಅವರು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಊರಿನಲ್ಲಿ ದಿನಕ್ಕೆ ಒಂದು ಡಾಲರ್ ಕೂಲಿ. ಹಾಲಿವುಡ್‌ನಲ್ಲಿ ಕೈಗೆ ಬಂದ ಮೊದಲ ಚೆಕ್ಕು 300 ಡಾಲರಿನದು. ಹಿಂದಿರುಗಿ ಹೋಗಲು ಅವರಿಗೆ ಮನಸ್ಸಾಗಲಿಲ್ಲ ಎಂಬುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಲ್ಲಿಂದ ಮುಂದಿನ ಏಳೆಂಟು ವರ್ಷ ಅವರು ಕುದುರೆ ನೋಡಿಕೊಳ್ಳುವವರು, ಸಾಹಸ ಕಲಾವಿದರು, ದೊಡ್ಡ ನಟರಿಗೆ ಡ್ಯೂಪ್. 1941ರಲ್ಲಿ ಅವರು ಮದುವೆಯಾದದ್ದು ಚಿತ್ರರಂಗಕ್ಕೆ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ ಲಾಯದ ಮಾಲೀಕ 'ಫ್ಯಾಟ್' ಜೋನ್ಸ್ ಅವರ ಮಗಳನ್ನು. ಜಾನ್ ಫೋರ್ಡ್ ನಿರ್ದೇಶನದ 'ಫೋರ್ಟ್ ಅಪಾಚಿ' (1948) ಚಿತ್ರೀಕರಣದಲ್ಲಿ ಅವರು ಹೆನ್ರಿ ಫೊಂಡಾ ಅವರಿಗೆ ಸವಾರಿಯ ಡ್ಯೂಪ್ ಆಗಿದ್ದರು. ಒಂದು ಶಾಟ್‌ನ ನಡುವೆ ಕುದುರೆಗಳು ಬೆದರಿ, ಮೂವರು ಕುಳಿತಿದ್ದ ಬಂಡಿಯನ್ನು ಎಳೆದುಕೊಂಡು ದಿಕ್ಕೆಟ್ಟು ಓಡತೊಡಗಿದವು. ಜಾನ್ಸನ್ ಆ ಹೊತ್ತಿಗೆ ಜೀನಿನ ಮೇಲಿದ್ದರು. ಬೆನ್ನಟ್ಟಿ ಹೋಗಿ ಬಂಡಿಯನ್ನು ನಿಲ್ಲಿಸಿದರು. ಇದಕ್ಕೆ ತಕ್ಕ ಪ್ರತಿಫಲ ಸಿಗುತ್ತದೆ ಎಂದರಂತೆ ಫೋರ್ಡ್. ಇನ್ನೊಂದು ಡ್ಯೂಪ್ ಕೆಲಸವೋ ಒಂದು ಸಣ್ಣ ಪಾತ್ರವೋ ಸಿಗಬಹುದೆಂದು ಕಾದಿದ್ದವರ ಮುಂದೆ ಏಳು ವರ್ಷಗಳ ಕರಾರುಪತ್ರ ಬಂತು. ವಾರಕ್ಕೆ 5000 ಡಾಲರ್ ಎಂಬ ಸಾಲಿಗೆ ಬಂದ ಕೂಡಲೇ ಮುಂದಿನದನ್ನು ಓದುವ ಗೋಜಿಗೆ ಹೋಗದೆ ಪೆನ್ನು ಕೇಳಿ ಪಡೆದು ಸಹಿ ಹಾಕಿದರು ಎಂದು ಅವರೇ ಹೇಳುತ್ತಿದ್ದರು.

ನನ್ನ ಪ್ರಶ್ನೆ ಇಷ್ಟು. ಇಂಥವರನ್ನು ನಟರೆಂದು ಕರೆಯುವುದು ಯಾವ ಅರ್ಥದಲ್ಲಿ? ಅವರು ನಟಿಸುತ್ತಿದ್ದರೇ, ಇಲ್ಲವೇ ತಮ್ಮ ನಿತ್ಯದ ಕೆಲಸವನ್ನೇ ಕ್ಯಾಮೆರಾ ಮುಂದೆ ಮುಂದುವರಿಸುತ್ತಿದ್ದರೇ? ನನಗಂತೂ ಈ ಎರಡರ ನಡುವಿನ ಗೆರೆ ಅವರ ವಿಷಯದಲ್ಲಿ ಕಾಣುವುದಿಲ್ಲ, ಮತ್ತು ಅದೇ ಅವರ ಹೆಚ್ಚುಗಾರಿಕೆ ಎಂದು ತೋರುತ್ತದೆ.

ಎರಡನೇ ಸಾಲು:

ಹುಲ್ಲುಗಾವಲು ಅವರೇ, ಬರಹ ಸೊಗಸಾಗಿದೆ, ಆದರೆ ನಿಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ. ಕುದುರೆ ಸವಾರಿ ಬಲ್ಲವನು ಸವಾರನ ಪಾತ್ರ ಮಾಡಿದರೆ ಅದನ್ನು ಕೌಶಲ ಎನ್ನಬಹುದು, ಅಭಿನಯ ಎನ್ನಲಾಗದು. ನೇಕಾರನೊಬ್ಬ ತೆರೆಯ ಮೇಲೆ ಮಗ್ಗದ ಮುಂದೆ ಕುಳಿತು ನೇಯ್ದರೆ ನಾವು ಅವನಿಗೆ ಪ್ರಶಸ್ತಿ ಕೊಡುತ್ತೇವೆಯೇ?

ಪ್ರಶಸ್ತಿಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. 'ದಿ ಲಾಸ್ಟ್ ಪಿಕ್ಚರ್ ಶೋ' (1971) ಚಿತ್ರಕ್ಕಾಗಿ ಅವರಿಗೆ ಶ್ರೇಷ್ಠ ಪೋಷಕ ನಟ ಆಸ್ಕರ್ ಬಂತು. ಆ ಚಿತ್ರದಲ್ಲಿ ಅವರು ತೆರೆಯ ಮೇಲಿರುವುದು ಹತ್ತು ನಿಮಿಷಕ್ಕಿಂತ ಕಡಿಮೆ. ಅದೇ ವರ್ಷ, ಅದೇ ಚಿತ್ರದಲ್ಲಿ, ಅದೇ ವಿಭಾಗದಲ್ಲಿ ಜೆಫ್ ಬ್ರಿಜಸ್ ಕೂಡ ನಾಮನಿರ್ದೇಶನಗೊಂಡಿದ್ದರು. ಆ ಹುಡುಗ ಇಡೀ ಚಿತ್ರವನ್ನು ಹೊತ್ತು ನಡೆದಿದ್ದಾನೆ. 1972ರ ಏಪ್ರಿಲ್‌ನ ಅದೇ ಸಮಾರಂಭದಲ್ಲಿ ಚಾಪ್ಲಿನ್ ಅವರಿಗೆ ಗೌರವ ಪ್ರಶಸ್ತಿ ಕೊಟ್ಟದ್ದನ್ನೂ ನೆನಪಿಸಿಕೊಳ್ಳಿ. ಹಳೆಯದನ್ನು ನೆನೆದು ಕಣ್ಣೊರೆಸಿಕೊಳ್ಳುವ ಹುಮ್ಮಸ್ಸಿನಲ್ಲಿದ್ದ ಹಾಲಿವುಡ್, ಮುಗಿದುಹೋಗುತ್ತಿದ್ದ ವೆಸ್ಟರ್ನ್‌ಗೆ ಒಂದು ಹಾರ ಹಾಕಬೇಕೆಂದುಕೊಂಡಿತು. ಹಾರ ಈ ಸವಾರನ ಕೊರಳಿಗೆ ಬಿತ್ತು. ನನ್ನ ಓದು ಇಷ್ಟೇ.

ಸಂಕಲನಕಾರ:

ಎರಡನೇ ಸಾಲು ಅವರ ನೇಕಾರನ ಹೋಲಿಕೆ ಚುರುಕಾಗಿದೆ, ಆದರೆ ಅದು 'ಶೇನ್' (1953) ಚಿತ್ರದ ಮುಂದೆ ನಿಲ್ಲುವುದಿಲ್ಲ ಎಂದು ನನ್ನ ಅನಿಸಿಕೆ. ಏಕೆಂದರೆ ಜಾರ್ಜ್ ಸ್ಟೀವನ್ಸ್ ನಿರ್ದೇಶಿಸಿದ ಆ ಚಿತ್ರದಲ್ಲಿ ಜಾನ್ಸನ್ ಅವರ ಮುಖ್ಯ ದೃಶ್ಯಗಳಲ್ಲಿ ಕುದುರೆಗೆ ಕೆಲಸವೇ ಇಲ್ಲ.

ಅವರ ಪಾತ್ರ ಕ್ರಿಸ್ ಕ್ಯಾಲೊವೇ, ದನದ ಒಡೆಯನ ಕಡೆಯ ಪುಂಡ. ಕಥಾನಾಯಕ ಶೇನ್ ಅಂಗಡಿಗೆ ಬಂದು ಹುಡುಗನಿಗಾಗಿ ಸೋಡಾ ಕೇಳುತ್ತಾನೆ. ಕ್ಯಾಲೊವೇ ಅದನ್ನು ಹಿಡಿದು ಹಂಗಿಸಿ, ಅವನ ಹೊಸ ಅಂಗಿಯ ಮೇಲೆ ವಿಸ್ಕಿ ಸುರಿಯುತ್ತಾನೆ. ಶೇನ್ ಸುಮ್ಮನೆ ಹೊರಟುಹೋಗುತ್ತಾನೆ. ಇನ್ನೊಂದು ದಿನ ಹಿಂದಿರುಗಿ ಬಂದು, ಎರಡು ಗ್ಲಾಸು ವಿಸ್ಕಿ ಕೊಂಡು, ಒಂದನ್ನು ಕ್ಯಾಲೊವೇಯ ಅಂಗಿಗೆ, ಇನ್ನೊಂದನ್ನು ಮುಖಕ್ಕೆ ಎರಚಿ ಹೊಡೆತಕ್ಕೆ ಇಳಿಯುತ್ತಾನೆ. ಇಲ್ಲಿಯವರೆಗಿನದು ಯಾವ ಪುಂಡನ ಪಾತ್ರಧಾರಿಯಾದರೂ ಮಾಡಬಹುದಾದದ್ದು ಎಂದೇ ಇಟ್ಟುಕೊಳ್ಳಿ. ಆದರೆ ಚಿತ್ರದ ಕೊನೆಯ ಭಾಗದಲ್ಲಿ ಇದೇ ಮನುಷ್ಯ ರಾತ್ರಿಯ ಹೊತ್ತು ಒಬ್ಬನೇ ಬಂದು, ಒಡೆಯನು ಹೂಡಿರುವ ಸಂಚನ್ನು ಶೇನ್‌ಗೆ ತಿಳಿಸಿ, ತಾನು ಆ ಗುಂಪನ್ನು ಬಿಟ್ಟೆನೆಂದು ಹೇಳಿ ಹೋಗುತ್ತಾನೆ. ಏಕೆ ಬದಲಾದೆ ಎಂಬುದಕ್ಕೆ ಅವನ ಬಾಯಲ್ಲಿ ಉತ್ತರವಿಲ್ಲ. ತನಗೇನೋ ಆಗಿಬಿಟ್ಟಿದೆ ಎಂಬಷ್ಟೇ ಮಾತು. ಇದನ್ನು ನಂಬುವಂತೆ ಹೇಳುವುದು ಬಹಳ ಕಷ್ಟ. ಸ್ವಲ್ಪ ಹೆಚ್ಚಾದರೆ ಪಶ್ಚಾತ್ತಾಪದ ಭಾಷಣವಾಗುತ್ತದೆ, ಸ್ವಲ್ಪ ಕಡಿಮೆಯಾದರೆ ಕಥೆಗಾರನ ಅನುಕೂಲಕ್ಕಾಗಿ ತಿರುಗಿದ ಪಾತ್ರವಾಗುತ್ತದೆ. ಜಾನ್ಸನ್ ಮುಜುಗರಪಡುತ್ತಿರುವ ಮನುಷ್ಯನಂತೆ ನಿಂತು, ಹೇಳಬೇಕಾದದ್ದನ್ನು ಹೇಳಿ, ಹೊರಟುಬಿಡುತ್ತಾರೆ. ಇದು ರಾಂಚಿನಲ್ಲಿ ಕಲಿಯುವ ವಿದ್ಯೆಯೇ?

ಸವಾರಿಯೇ ಅಭಿನಯವಾಗುವುದೂ ಉಂಟು. 'ಶಿ ವೋರ್ ಎ ಯೆಲ್ಲೋ ರಿಬ್ಬನ್' (1949) ಚಿತ್ರದಲ್ಲಿ ಅವರು ಸಾರ್ಜೆಂಟ್ ಟೈರಿ. ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆಯಲ್ಲಿ ಕ್ಯಾಪ್ಟನ್ ಆಗಿದ್ದು, ಸೋತ ಮೇಲೆ ಗೆದ್ದವರ ಸೈನ್ಯದಲ್ಲೇ ಕೆಳಗಿನ ಹುದ್ದೆಗೆ ಸೇರಿದವನು. ಜಾನ್ ವೇಯ್ನ್ ಅವರ ಪಾತ್ರ ಅಭಿಪ್ರಾಯ ಕೇಳಿದಾಗಲೆಲ್ಲ 'ಅದು ನನ್ನ ಇಲಾಖೆಯಲ್ಲ' ಎಂದು ತಪ್ಪಿಸಿಕೊಂಡು, ಆಮೇಲೆ ಸರಿಯಾದ ಉತ್ತರವನ್ನೇ ಹೇಳುತ್ತಾನೆ. ಶತ್ರುಗಳು ಬೆನ್ನಟ್ಟಿದಾಗ ಕಂದಕವೊಂದನ್ನು ಕುದುರೆಯ ಮೇಲೆ ಹಾರಿ ಪಾರಾಗುವ ದೃಶ್ಯದಲ್ಲಿ ಆ ಮಾಜಿ ಕ್ಯಾಪ್ಟನ್‌ನ ಗತ್ತು ಪೂರ್ತಿಯಾಗಿ ಹೊರಗೆ ಬರುತ್ತದೆ. ಲಗಾಮು ಹಿಡಿದ ಕೈಯಲ್ಲಿ ಆತುರವಿಲ್ಲ, ಸೊಂಟದಿಂದ ಮೇಲಿನ ದೇಹ ಅಲುಗುವುದೇ ಇಲ್ಲ. ಡ್ಯೂಪ್ ಬಳಸುವ ನಟನಾದರೆ ಇಂಥಲ್ಲಿ ಸಂಕಲನಕಾರನು ದೂರದ ಶಾಟ್‌ನಿಂದ ಹತ್ತಿರದ ಶಾಟ್‌ಗೆ ಕತ್ತರಿಸಿ ಮೋಸ ಮುಚ್ಚಬೇಕಾಗುತ್ತದೆ. ಇಲ್ಲಿ ಮುಚ್ಚಲು ಏನೂ ಇಲ್ಲ. ವೃತ್ತಿಯ ಕಾರಣದಿಂದ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಕ್ಷಮಿಸಿ.

ತುಂಗಾತೀರ:

'ರಿಯೊ ಗ್ರಾಂಡೆ' (1950) ಚಿತ್ರದಲ್ಲಿ ಎರಡು ಕುದುರೆಗಳ ಬೆನ್ನ ಮೇಲೆ ಒಂದೊಂದು ಕಾಲಿಟ್ಟು, ನಿಂತು ಓಡಿಸುವ ದೃಶ್ಯವಿದೆಯಲ್ಲ, ಅದನ್ನು ಜಾನ್ಸನ್, ಹ್ಯಾರಿ ಕೇರಿ ಜೂನಿಯರ್ ಮತ್ತು ಹದಿಹರೆಯದ ಕ್ಲಾಡ್ ಜಾರ್ಮನ್ ಜೂನಿಯರ್ ಮೂವರೂ ತಾವೇ ಮಾಡಿದ್ದು ಎಂಬುದನ್ನು ಇಲ್ಲಿ ಸೇರಿಸಬಹುದು. ಕೆಲವೇ ವಾರಗಳ ಅಭ್ಯಾಸದಲ್ಲಿ ಕಲಿತರಂತೆ.

ಆದರೆ ನಾನು ಬರೆಯಲು ಕುಳಿತದ್ದು ಬೇರೊಂದು ಕಾರಣಕ್ಕೆ. 'ವ್ಯಾಗನ್ ಮಾಸ್ಟರ್' (1950) ಚಿತ್ರದಲ್ಲಿ ಫೋರ್ಡ್ ಇವರನ್ನು ಹೆಚ್ಚು ಕಡಿಮೆ ನಾಯಕನ ಸ್ಥಾನದಲ್ಲೇ ನಿಲ್ಲಿಸಿದ್ದರು. ಅದಕ್ಕೂ ಮೊದಲು 'ಮೈಟಿ ಜೋ ಯಂಗ್' (1949) ಚಿತ್ರದಲ್ಲಿ ದೈತ್ಯ ಗೊರಿಲ್ಲಾದ ಜತೆ ಅವರೇ ನಾಯಕ. ಹೀಗೆ ಏರುತ್ತಿದ್ದವರು ಇದ್ದಕ್ಕಿದ್ದಂತೆ ಏಕೆ ಹಿಂದಿನ ಸಾಲಿಗೆ ಸರಿದರು?

ಹ್ಯಾರಿ ಕೇರಿ ಜೂನಿಯರ್ ತಮ್ಮ ನೆನಪುಗಳಲ್ಲಿ ಹೇಳಿರುವ ಪ್ರಸಂಗ ಇದಕ್ಕೆ ಒಂದು ಉತ್ತರ. 'ರಿಯೊ ಗ್ರಾಂಡೆ' ಚಿತ್ರೀಕರಣದ ಒಂದು ರಾತ್ರಿ ಊಟದ ಮೇಜಿನಲ್ಲಿ ಜಾನ್ಸನ್ ಪಕ್ಕದವರೊಡನೆ, ಇವತ್ತು ಗುಂಡುಗಳು ಬೇಕಾದಷ್ಟು ಹಾರಿದವು, ಬಿದ್ದ ಇಂಡಿಯನ್ನರು (ಅಮೆರಿಕದ ಮೂಲನಿವಾಸಿಗಳು) ಮಾತ್ರ ಕಡಿಮೆ ಎಂಬ ಅರ್ಥದ ಮಾತನ್ನಾಡಿದರು. ಫೋರ್ಡ್ ಕಿವಿಗೆ ಬಿತ್ತು. ಏನಂದೆ ಎಂದು ಗದರಿ, ಎಲ್ಲರೆದುರು ಮೂದಲಿಸಿದರು. ಜಾನ್ಸನ್ ಎದ್ದು, ಹೋಗುವ ದಾರಿಯಲ್ಲಿ ಫೋರ್ಡ್ ಕಿವಿಯ ಬಳಿ ಬಗ್ಗಿ ಎರಡು ಮಾತು ಹೇಳಿ ಹೊರನಡೆದರು. ಅದಾದ ಮೇಲೆ 1964ರ 'ಶಯೆನ್ ಆಟಮ್' ಬರುವವರೆಗೆ ಫೋರ್ಡ್ ಚಿತ್ರದಲ್ಲಿ ಅವರು ಕಾಣಿಸಲಿಲ್ಲ. ಫೋರ್ಡ್ ಅವರ ಸೆಟ್‌ನಲ್ಲಿ ಬೈಗುಳ ತಿನ್ನುವುದು ಎಲ್ಲರ ಪಾಲಿಗೂ ಇತ್ತು, ವೇಯ್ನ್ ಕೂಡ ತಲೆ ತಗ್ಗಿಸಿ ಕೇಳುತ್ತಿದ್ದರು. ಇವರು ಕೇಳಲಿಲ್ಲ, ಹದಿಮೂರು ಹದಿನಾಲ್ಕು ವರ್ಷ ಹೋಯಿತು.

ಆ ಊಟದ ಮೇಜಿನ ಮಾತಿನಲ್ಲೇ ನನ್ನ ಇನ್ನೊಂದು ತಕರಾರು ಅಡಗಿದೆ. ಇಂಡಿಯನ್ನರು ಎಷ್ಟು ಬಿದ್ದರು ಎಂದು ಎಣಿಸುವ ಚಿತ್ರಗಳಿವು. ಫೋರ್ಡ್ ಮಾನ್ಯುಮೆಂಟ್ ವ್ಯಾಲಿಯ ನವಾಹೊ ಜನರನ್ನೇ ಒಮ್ಮೆ ಅಪಾಚಿಗಳೆಂದೂ ಇನ್ನೊಮ್ಮೆ ಶಯೆನ್ನರೆಂದೂ ತೋರಿಸಿದರು. ಶಯೆನ್ ಜನರ ಸಂಕಟದ ಕಥೆಯೆಂದು ಮಾಡಿದ ಚಿತ್ರದಲ್ಲೂ ಮುಖ್ಯ ಪಾತ್ರಗಳು ಮೆಕ್ಸಿಕೊ ಮೂಲದ ತಾರೆಯರಿಗೆ ಹೋದವು. ಜಾನ್ಸನ್ ಹುಟ್ಟಿ ಬೆಳೆದದ್ದು ಓಸೇಜ್ ಎಂಬ ಮೂಲನಿವಾಸಿ ಜನರ ನೆಲದಲ್ಲಿ. ಅಲ್ಲಿಂದ ಬಂದವರು ಇದರ ಬಗ್ಗೆ ಏನೂ ಅನ್ನಿಸಿಕೊಳ್ಳದೆ ಗುಂಡು ಹಾರಿಸುತ್ತಾ ಹೋದದ್ದನ್ನು ನಾವು ಅವರ ಸವಾರಿಯ ಚೆಲುವಿನಲ್ಲಿ ಮರೆತುಬಿಡಬಹುದೇ?

ಓಕ್ಲಹೋಮ ಕನ್ನಡಿಗ:

ನಾನು ತುಲ್ಸಾದಲ್ಲಿ ನೆಲೆಸಿ ಹನ್ನೊಂದು ವರ್ಷವಾಯಿತು. ಓಸೇಜ್ ಕೌಂಟಿಯ ಮುಖ್ಯ ಊರು ಪಹಸ್ಕ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಊರಿನಿಂದ ಯಾರಾದರೂ ನೆಂಟರು ಬಂದರೆ ಕರೆದುಕೊಂಡು ಹೋಗುವ ಜಾಗ ಅದು, ಆದ್ದರಿಂದ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಜಾನ್ಸನ್ ಅವರ ತಂದೆ ನೋಡಿಕೊಳ್ಳುತ್ತಿದ್ದ ಚಾಪ್‌ಮನ್-ಬರ್ನಾರ್ಡ್ ರಾಂಚಿನ ನೆಲ ಈಗ ಎತ್ತರದ ಹುಲ್ಲಿನ ಸಂರಕ್ಷಿತ ಬಯಲು. 1989ರಲ್ಲಿ ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಅದನ್ನು ಕೊಂಡಿತು. 1993ರಲ್ಲಿ ಕಾಡೆಮ್ಮೆಗಳನ್ನು, ಅಂದರೆ ಬೈಸನ್‌ಗಳನ್ನು ಮತ್ತೆ ತಂದು ಬಿಟ್ಟರು. ರಾಂಚಿನ ಆಳುಗಳು ಮಲಗುತ್ತಿದ್ದ ಕಟ್ಟಡ ಇನ್ನೂ ನಿಂತಿದೆ. ಮಣ್ಣಿನ ಪದರ ತೆಳು, ಕೆಳಗೆ ಸುಣ್ಣಕಲ್ಲು. ನೇಗಿಲು ಇಳಿಯದ ಕಾರಣಕ್ಕೇ ಹುಲ್ಲು ಉಳಿದಿದೆ, ಹುಲ್ಲಿದ್ದ ಕಾರಣಕ್ಕೇ ದನ ಬಂದವು. ಸೆಪ್ಟೆಂಬರ್‌ನಲ್ಲಿ ಹೋದರೆ ಬ್ಲೂಸ್ಟೆಮ್ ಹುಲ್ಲು ಆಳೆತ್ತರಕ್ಕೆ ಬೆಳೆದು ಕೆಂಪಗೆ ತಿರುಗಿರುತ್ತದೆ, ಗಾಳಿ ಬೀಸಿದರೆ ಇಡೀ ಗುಡ್ಡ ಒಂದೇ ಕಡೆಗೆ ವಾಲುತ್ತದೆ. ಇಲ್ಲಿ ಒಂದು ಹೋರಿಯನ್ನು ಹುಡುಕಿ ಹಿಂಡಿನಿಂದ ಬೇರೆ ಮಾಡಿ ತರುವುದೆಂದರೆ ಏನು ಎಂಬುದು ನಿಂತು ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ಎಲ್ಲಿಯೂ ಬೇಲಿಯ ಮೂಲೆ ಇಲ್ಲ, ಅಡ್ಡಗಟ್ಟಲು ಮರವಿಲ್ಲ. ಹಗ್ಗ ಮತ್ತು ಕುದುರೆ ಇಷ್ಟೇ.

ತುಂಗಾತೀರ ಅವರ ತಕರಾರು ನ್ಯಾಯವಾದದ್ದು. 1906ರ ಕಾಯ್ದೆಯಲ್ಲಿ ಈ ನೆಲದಡಿಯ ಖನಿಜದ ಹಕ್ಕು ಓಸೇಜ್ ಜನಾಂಗಕ್ಕೇ ಒಟ್ಟಾಗಿ ಉಳಿಯಿತು, ಎಣ್ಣೆ ಸಿಕ್ಕಿತು, 1920ರ ದಶಕದಲ್ಲಿ ಆ ಹಣಕ್ಕಾಗಿ ಅವರನ್ನು ಒಬ್ಬೊಬ್ಬರನ್ನಾಗಿ ಕೊಂದರು. ಜಾನ್ಸನ್ ಆಗ ಅದೇ ಕೌಂಟಿಯಲ್ಲಿ ಬೆಳೆಯುತ್ತಿದ್ದ ಹುಡುಗ. ಹಾಲಿವುಡ್ ವೆಸ್ಟರ್ನ್ ಅವರ ಕಾಲದಲ್ಲಿ ಈ ಕಥೆಯ ಹತ್ತಿರವೂ ಸುಳಿಯಲಿಲ್ಲ. ಅದಕ್ಕೆ ಒಬ್ಬ ಪೋಷಕ ನಟನನ್ನು ಹೊಣೆ ಮಾಡಬೇಕೇ ಎಂಬುದು ಬೇರೆ ಮಾತು. ನಾನಾದರೆ ಕಥೆ ಬರೆದವರನ್ನೂ ಹಣ ಹಾಕಿದವರನ್ನೂ ಮೊದಲು ಕೇಳುತ್ತೇನೆ. ಪಹಸ್ಕದಲ್ಲಿ ಈಗ ಅವರ ಹೆಸರಿನ ಕೌಬಾಯ್ ವಸ್ತುಸಂಗ್ರಹಾಲಯವಿದೆ, ಅದೇ ಊರಿನಲ್ಲಿ ಓಸೇಜ್ ಜನರ ಆಡಳಿತ ಕೇಂದ್ರವೂ ಇದೆ. ಅವರ ಸಮಾಧಿಯೂ ಅಲ್ಲಿಯೇ.

ಹುಲ್ಲುಗಾವಲು:

ಓಕ್ಲಹೋಮ ಕನ್ನಡಿಗ ಅವರಿಗೆ ಧನ್ಯವಾದ. ನನ್ನ ಅಡ್ಡಹೆಸರಿಗೆ ಇಂಥ ಸಮರ್ಥನೆ ಸಿಗುತ್ತದೆಂದು ಭಾವಿಸಿರಲಿಲ್ಲ.

ತುಂಗಾತೀರ ಅವರು ಕೇಳಿದ ಪ್ರಶ್ನೆಗೆ, ಅಂದರೆ ಅವರು ಹಿಂದಿನ ಸಾಲಿಗೆ ಸರಿದದ್ದೇಕೆ ಎಂಬುದಕ್ಕೆ, ಫೋರ್ಡ್ ಅವರ ಮುನಿಸೊಂದೇ ಕಾರಣವಲ್ಲ. 1953ರಲ್ಲಿ ಅವರು ತಾವಾಗಿಯೇ ಚಿತ್ರರಂಗದಿಂದ ಒಂದು ವರ್ಷ ರಜೆ ಪಡೆದು ರೋಡಿಯೋಗೆ, ಅಂದರೆ ದನಗಾಹಿಗಳ ಪಂದ್ಯಗಳಿಗೆ, ಹೋದರು. ಜೋಡಿ ಹಗ್ಗದ ಸ್ಪರ್ಧೆ ಅವರದು: ಓಡುವ ಹೋರಿಯ ಕೊಂಬಿಗೆ ಒಬ್ಬ ಸವಾರ ಕುಣಿಕೆ ಎಸೆದರೆ, ಹಿಂದಿನಿಂದ ಬರುವ ಇನ್ನೊಬ್ಬ ಹಿಂಗಾಲುಗಳಿಗೆ ಎಸೆಯಬೇಕು, ಲೆಕ್ಕ ಸೆಕೆಂಡುಗಳಲ್ಲಿ. ಆ ವರ್ಷ ಅವರು ಅದರಲ್ಲಿ ವಿಶ್ವ ಚಾಂಪಿಯನ್ ಆದರು. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಜೇಬಿನಲ್ಲಿ ಮೂರು ಡಾಲರ್ ಇರಲಿಲ್ಲ, ಉಳಿದದ್ದು ಸವೆದ ಕಾರು ಮತ್ತು ಸಿಟ್ಟಾದ ಹೆಂಡತಿ ಎಂದು ಹೇಳಿಕೊಂಡು ನಗುತ್ತಿದ್ದರು. ಆಸ್ಕರ್ ಮತ್ತು ರೋಡಿಯೋ ವಿಶ್ವ ಪ್ರಶಸ್ತಿ ಎರಡನ್ನೂ ಗೆದ್ದವರು ಅವರೊಬ್ಬರೇ. ತಾರೆಯಾಗಲು ಹೊರಟವರು ಯಾರೂ, 'ಶೇನ್'ನಂಥ ಚಿತ್ರ ತೆರೆ ಕಂಡ ವರ್ಷದಲ್ಲಿ ದೂಳಿನ ಅಖಾಡಕ್ಕೆ ಇಳಿಯುವುದಿಲ್ಲ.

ಅಲ್ಲಿಂದಾಚೆ ಮಾರ್ಲನ್ ಬ್ರಾಂಡೊ ನಿರ್ದೇಶಿಸಿದ 'ಒನ್-ಐಡ್ ಜ್ಯಾಕ್ಸ್' (1961), ಸ್ಯಾಮ್ ಪೆಕಿನ್‌ಪಾ ಅವರ 'ಮೇಜರ್ ಡಂಡೀ' (1965) ಹೀಗೆ ಒಂದೊಂದಾಗಿ ಬಂದವು. ಇವುಗಳಲ್ಲಿ ಕೆಲವನ್ನು ಇವರಿಗಾಗಿಯೇ ನೋಡಬೇಕೆಂದು ನಾನು ಹೇಳಲಾರೆ. 'ದಿ ವೈಲ್ಡ್ ಬಂಚ್' (1969) ಮಾತ್ರ ಬಿಡುವಂತಿಲ್ಲ. ಕೊನೆಗೆ ವಿಲಿಯಂ ಹೋಲ್ಡನ್, ಅರ್ನೆಸ್ಟ್ ಬೋರ್ಗ್‌ನೈನ್, ವಾರೆನ್ ಓಟ್ಸ್, ಜಾನ್ಸನ್ ನಾಲ್ವರೂ ಬಂದೂಕು ಹಿಡಿದು ಸಾಲಾಗಿ ಸಾವಿನ ಕಡೆಗೆ ನಡೆದು ಹೋಗುತ್ತಾರಲ್ಲ, ಅಲ್ಲಿ ಅವರಿಗೆ ಒಂದೂ ಮಾತಿಲ್ಲ. ಕುದುರೆಯೂ ಇಲ್ಲ.

ಸಂಕಲನಕಾರ:

ಈಗ 'ದಿ ಲಾಸ್ಟ್ ಪಿಕ್ಚರ್ ಶೋ' ಬಗ್ಗೆ ಹೇಳಲೇಬೇಕು. ಎರಡನೇ ಸಾಲು ಅವರು ಹತ್ತು ನಿಮಿಷದ ಲೆಕ್ಕ ತೆಗೆದಿದ್ದಾರೆ.

ಈ ಪಾತ್ರವನ್ನು ಜಾನ್ಸನ್ ಮೊದಲು ಒಪ್ಪಲಿಲ್ಲ. ಮಾತು ಹೆಚ್ಚು, ಅದರಲ್ಲೂ ಹೊಲಸು ಮಾತು ಹೆಚ್ಚು ಎಂಬುದು ಅವರ ದೂರು. ನಿರ್ದೇಶಕ ಪೀಟರ್ ಬಾಗ್ದನೊವಿಚ್ ಆಗಷ್ಟೇ ಫೋರ್ಡ್ ಕುರಿತು ಸಾಕ್ಷ್ಯಚಿತ್ರ ಮಾಡಿದವರು. ಹೋಗಿ ಫೋರ್ಡ್ ಅವರಿಗೇ ಹೇಳಿದರು. ಊಟದ ಮೇಜಿನಿಂದ ಎದ್ದು ಹೋದ ಮನುಷ್ಯನಿಗೆ ಆ ಮುದುಕರು ಫೋನ್ ಮಾಡಿ, ಬದುಕಿಡೀ ವೇಯ್ನ್ ಅವರ ಬಾಲವಾಗಿಯೇ ಇರಬೇಕೆಂದಿದ್ದೀಯಾ ಎಂದು ಕೇಳಿದರಂತೆ. ಜಾನ್ಸನ್ ಒಪ್ಪಿದರು, ತಮ್ಮ ಸಂಭಾಷಣೆಯಲ್ಲಿದ್ದ ಅಶ್ಲೀಲ ಪದಗಳನ್ನು ತಾವೇ ತಿದ್ದಿಕೊಳ್ಳುವ ಷರತ್ತಿನ ಮೇಲೆ.

ಟೆಕ್ಸಸ್‌ನ ಸಾಯುತ್ತಿರುವ ಸಣ್ಣ ಊರೊಂದರಲ್ಲಿ ಬಿಲಿಯರ್ಡ್ಸ್ ಆಡುವ ಅಂಗಡಿ, ಊಟದ ಹೋಟೆಲು, ಸಿನಿಮಾ ಮಂದಿರ ಮೂರನ್ನೂ ನಡೆಸುವ ಸ್ಯಾಮ್ ಎಂಬ ಹಿರಿಯನ ಪಾತ್ರ. ಊರ ಹುಡುಗರು ಬುದ್ಧಿ ಬೆಳೆಯದ ಬಿಲ್ಲಿಯನ್ನು ಸೂಳೆಯ ಬಳಿ ತಳ್ಳಿ, ಮೂಗಿನಲ್ಲಿ ರಕ್ತ ಬರಿಸಿಕೊಂಡು ಬಂದವನನ್ನು ಇವನ ಮುಂದೆ ತಂದು ನಿಲ್ಲಿಸುತ್ತಾರೆ. ಸ್ಯಾಮ್ ದನಿ ಏರಿಸುವುದಿಲ್ಲ. ಇಂಥ ಕೊಳಕು ನಡತೆಯನ್ನು ಜೀವನವಿಡೀ ನೋಡಿ ಸಾಕಾಗಿದೆ, ಇನ್ನು ನನ್ನ ಮೂರು ಜಾಗಗಳಲ್ಲಿ ಎಲ್ಲಿಯೂ ಕಾಲಿಡಬೇಡಿ ಎಂದಷ್ಟೇ ಹೇಳುತ್ತಾನೆ. ಆ ಊರಿನಲ್ಲಿ ಹೋಗಲು ಬೇರೆ ಜಾಗವೇ ಇಲ್ಲ. ಹುಡುಗರ ಮುಖ ಬೀಳುವುದು ಅದಕ್ಕೆ.

ಇನ್ನೊಂದು ದೃಶ್ಯ ಕೆರೆಯ ದಂಡೆಯದು. ಸ್ಯಾಮ್ ಇಬ್ಬರು ಹುಡುಗರ ಜತೆ ಗಾಳ ಹಾಕಿ ಕುಳಿತಿದ್ದಾನೆ. ಇಲ್ಲಿ ಮೊದಲ ಬಾರಿ ಕುದುರೆಗೆ ನೀರು ಕುಡಿಸಿ ನಲವತ್ತು ವರ್ಷವಾಯಿತು, ಆಗ ಈ ಮುಳ್ಳುಗಿಡಗಳೊಂದೂ ಇರಲಿಲ್ಲ ಎಂದು ಶುರು ಮಾಡಿ, ಇಪ್ಪತ್ತು ವರ್ಷಗಳ ಹಿಂದೆ ತನ್ನೊಡನೆ ಬರುತ್ತಿದ್ದ ಹೆಣ್ಣೊಬ್ಬಳ ಕಥೆಗೆ ಬರುತ್ತಾನೆ. ಕುದುರೆ ಈಜಿಸಿಕೊಂಡು ನಿನಗಿಂತ ಮೊದಲು ಆಚೆ ದಡ ಸೇರುತ್ತೇನೆಂದು ಒಂದು ಬೆಳ್ಳಿ ಡಾಲರ್ ಪಣ ಕಟ್ಟಿ ಗೆದ್ದವಳು ಅವಳು. ಕ್ಯಾಮೆರಾ ನಿಧಾನವಾಗಿ ಅವನ ಮುಖದ ಕಡೆಗೆ ಸರಿಯುತ್ತದೆ. ಸಂಗೀತವಿಲ್ಲ. ಕಣ್ಣೀರಿಲ್ಲ. ಕುದುರೆಯ ಮಾತು ಬಂದಾಗ ಮಾತ್ರ ದನಿಯಲ್ಲಿ ಒಂದಿಷ್ಟು ಸಲಿಗೆ ಬರುತ್ತದೆ. ನೀರಿನಲ್ಲಿ ಕುದುರೆ ಈಜಿಸುವುದು ಹೇಗಿರುತ್ತದೆಂದು ಬಲ್ಲವನ ದನಿ ಅದು. ಮುಂದೆ ಸ್ಯಾಮ್ ಸಾಯುವುದನ್ನು ನಮಗೆ ತೋರಿಸುವುದಿಲ್ಲ, ಬೇರೆ ಊರಿಗೆ ಹೋಗಿದ್ದ ಹುಡುಗರು ಹಿಂದಿರುಗಿದಾಗ ಸುದ್ದಿಯಷ್ಟೇ ಸಿಗುತ್ತದೆ. ಆ ಹೆಣ್ಣು ಯಾರೆಂದು ತಿಳಿಯುವುದು ಬಹಳ ಹೊತ್ತಿನ ಮೇಲೆ, ಎಲೆನ್ ಬರ್ಸ್ಟಿನ್ ಅವರ ಪಾತ್ರದ ಬಾಯಿಂದ. ಆ ಕ್ಷಣದಲ್ಲಿ ತೆರೆಯ ಮೇಲೆ ಇಲ್ಲದ ಸ್ಯಾಮ್‌ನೇ ನಮ್ಮ ಕಣ್ಣ ಮುಂದೆ ಬರುತ್ತಾನೆ. ಹತ್ತು ನಿಮಿಷದ ಲೆಕ್ಕದಲ್ಲಿ ಇದನ್ನು ಎಲ್ಲಿ ಬರೆದುಕೊಳ್ಳುತ್ತೀರಿ?

ಎರಡನೇ ಸಾಲು:

ನಿನ್ನೆ ರಾತ್ರಿ ಆ ಚಿತ್ರವನ್ನು ಮತ್ತೆ ನೋಡಿದೆ. ಕೆರೆಯ ದಂಡೆಯ ದೃಶ್ಯದ ಬಗ್ಗೆ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಜೆಫ್ ಬ್ರಿಜಸ್ ಬಗ್ಗೆ ಪಡೆಯುವುದಿಲ್ಲ.

ನೇಕಾರನ ಹೋಲಿಕೆಯನ್ನೂ ಸ್ವಲ್ಪ ತಿದ್ದುತ್ತೇನೆ. ನೇಕಾರನು ತೆರೆಯ ಮೇಲೆ ನೇಯುವುದು ಅಭಿನಯವಲ್ಲ ಎಂದಿದ್ದೆ. ಅವನು ಕೈಯಲ್ಲಿ ನೂಲಿಲ್ಲದೆ ಕುಳಿತು, ತಾನು ಒಂದು ಕಾಲದಲ್ಲಿ ನೇಯ್ದ ಸೀರೆಯ ಬಗ್ಗೆ ಹೇಳಿದರೆ ಅದನ್ನು ಏನೆನ್ನಬೇಕು ಎಂಬುದು ಆಗ ಹೊಳೆದಿರಲಿಲ್ಲ. ಆದರೂ ಒಂದು ಅನುಮಾನ ಉಳಿದಿದೆ. ಆಸ್ಕರ್ ಬಂದ ಮೇಲೆ ಅವರಿಗೆ ಇಂಥ ಪಾತ್ರ ಎರಡನೆಯದು ಸಿಕ್ಕಿತೇ? 'ದಿ ಗೆಟ್‌ಅವೇ' (1972) ಚಿತ್ರದಲ್ಲಿ ನಯವಾದ ಖಳ, 'ಡಿಲಿಂಜರ್' (1973) ಚಿತ್ರದಲ್ಲಿ ಫೆಡರಲ್ ತನಿಖಾ ಅಧಿಕಾರಿ ಪರ್ವಿಸ್, ಸ್ಪೀಲ್‌ಬರ್ಗ್ ಅವರ 'ದಿ ಶುಗರ್‌ಲ್ಯಾಂಡ್ ಎಕ್ಸ್‌ಪ್ರೆಸ್' (1974) ಚಿತ್ರದಲ್ಲಿ ಕೊಲ್ಲಲು ಮನಸ್ಸಿಲ್ಲದ ಕ್ಯಾಪ್ಟನ್ ಟ್ಯಾನರ್. ಮೂರನೆಯದು ನನಗೆ ಇಷ್ಟ. ಮಿಕ್ಕಂತೆ ಅವರು ಮತ್ತೆ ಪಕ್ಕದ ಕುದುರೆಗೇ ಹೋದರು.

ಹುಲ್ಲುಗಾವಲು:

ಹೋದರು, ಮತ್ತು ಅದರ ಬಗ್ಗೆ ಬೇಸರಪಟ್ಟಂತೆ ತೋರುವುದಿಲ್ಲ. ಪ್ರಶಸ್ತಿ ಪಡೆದ ರಾತ್ರಿ ವೇದಿಕೆಯ ಮೇಲೆ ಅವರು, ಇದು ನನಗಿಂತ ಒಳ್ಳೆಯ ಮನುಷ್ಯನಿಗೆ ಸಿಗಲು ಸಾಧ್ಯವಿರಲಿಲ್ಲ ಎಂದು ಹೇಳಿ ಸಭೆಯನ್ನು ನಗಿಸಿದರು. ಆಮೇಲಿನ ವರ್ಷಗಳಲ್ಲಿ ಆ ಹೆಸರನ್ನು ಬಳಸಿ, ನಟರನ್ನೂ ವೃತ್ತಿಪರ ಸವಾರರನ್ನೂ ಸೇರಿಸಿ ಮಕ್ಕಳ ನೆರವಿಗಾಗಿ ರೋಡಿಯೋಗಳನ್ನು ನಡೆಸಿದರು. ಪತ್ನಿ 1994ರಲ್ಲಿ ತೀರಿಕೊಂಡರು. ಅವರು 1996ರ ಏಪ್ರಿಲ್ 8ರಂದು ಅರಿಜೋನದ ಮೇಸಾದಲ್ಲಿ, ತಾಯಿಯನ್ನು ನೋಡಲು ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 77. ತಾಯಿ ಇನ್ನೂ ಇದ್ದರು.

ಓಕ್ಲಹೋಮ ಕನ್ನಡಿಗ ಅವರಲ್ಲಿ ಒಂದು ಕೋರಿಕೆ. ಮುಂದಿನ ಸಲ ಪಹಸ್ಕಕ್ಕೆ ಹೋದಾಗ ಆ ವಸ್ತುಸಂಗ್ರಹಾಲಯದಲ್ಲಿ ಅವರ ಹಗ್ಗವನ್ನು ಇಟ್ಟಿದ್ದಾರೆಯೇ ಎಂದು ನೋಡಿ, ಇಟ್ಟಿದ್ದರೆ ಅದರ ಕುಣಿಕೆಯ ಭಾಗ ಎಷ್ಟು ಸವೆದಿದೆ ಎಂದು ಬರೆಯುವಿರಾ?